ಶ್ರುತಿ ಹಿಡಿಯುವವರು ಯಾರು?

ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆಯ ಹಬ್ಬ ಸಮೀಪಿಸಿದಾಗಲೆಲ್ಲ ದಾವಣಗೆರೆಯ ನಮ್ಮ ಗಾನವೃಂದಕ್ಕೆ ಹಳೆಯ ಹಾರ್ಮೋನಿಯಂನ ನೆನಪಾಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಬಲಿಪೂಜೆಗೆ ಕೀಬೋರ್ಡೇ ಸಾಕು. ಆದರೆ ವಿದ್ಯುತ್ತಿನ ಹಂಗಿಲ್ಲದೆ, ಯಾತ್ರಿಕರ ನಡುವೆ ನೆಲದ ಮೇಲೆ ಕುಳಿತು ಹಾಡಬೇಕಾದಾಗ ಆ ಮರದ ಪೆಟ್ಟಿಗೆಗೆ ಸಾಟಿಯಿಲ್ಲ. ಕೆಲವು ವರ್ಷಗಳ ಹಿಂದೆ ಅದನ್ನು ಶ್ರುತಿಗೊಳಿಸುವ ವಿಷಯದಲ್ಲಿ ನಮ್ಮಲ್ಲಿ ಒಂದು ಚಿಕ್ಕ ವಿವಾದವೆದ್ದಿತು. ಚಿಕ್ಕದೆಂದು ಆಗ ಅನ್ನಿಸಿತ್ತು, ಈಗ ಹಾಗೆನ್ನಲಾರೆ.

ರಿಪೇರಿಗೆ ಬರುತ್ತಿದ್ದವರು ಒಬ್ಬ ಹಿರಿಯರು. ಊರೂರು ಸುತ್ತುವ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂಗಳನ್ನು ಸರಿಪಡಿಸುತ್ತಲೇ ಕಿವಿ ಪಳಗಿಸಿಕೊಂಡವರು. ಆ ಸಲ ಕೆಲಸದ ನಡುವೆ ಅವರು ಜೇಬಿನಿಂದ ಮೊಬೈಲ್ ತೆಗೆದು, ಅದರ ಪರದೆಯನ್ನು ನೋಡುತ್ತಾ ಒಂದೆರಡು ರೀಡುಗಳನ್ನು ಕೆರೆದರು. ಗಾನವೃಂದದ ಹುಡುಗನೊಬ್ಬ ಅದನ್ನು ಗಮನಿಸಿದ. ‘ಇದೇ ಟ್ಯೂನರ್ ನನ್ನ ಫೋನಿನಲ್ಲೂ ಇದೆಯಲ್ಲ!’ ಎಂದ. ಕಿವಿಯ ವಿದ್ಯೆಗೆಂದು ಹಣ ಪಡೆದು ಯಂತ್ರದಿಂದ ಕೆಲಸ ಮಾಡುವುದು ಮೋಸವಲ್ಲವೇ ಎಂಬ ಮಾತು ಬಂತು. ಕೂಲಿಯಲ್ಲಿ ಒಂದಿಷ್ಟನ್ನು ಮುರಿದುಕೊಂಡೆವು. ಮುರಿದುಕೊಳ್ಳೋಣ ಎಂದವನು ನಾನೇ. ಅವರು ಎದುರಾಡದೆ, ಅರ ಮತ್ತು ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಮರುವರ್ಷ ಆ ಹುಡುಗನೇ ಕೆಲಸಕ್ಕೆ ಕೈಹಾಕಿದ. ರೀಡಿನ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ ಎಂಬುದನ್ನು ಅವನು ಬಲ್ಲವನಾಗಿದ್ದ. ಎರಡು ದಿನ ಕುಳಿತು ಪ್ರತಿಯೊಂದು ರೀಡಿಗೂ ಪರದೆಯ ಮೇಲೆ ಹಸಿರು ಬೆಳಕು ಬರುವಂತೆ ಮಾಡಿದ. ಒಂದೊಂದಾಗಿ ನುಡಿಸಿದರೆ ಎಲ್ಲವೂ ಸರಿ. ಜೊತೆಯಾಗಿ ನುಡಿಸಿದರೆ ಮಾತ್ರ ಪೆಟ್ಟಿಗೆ ನಡುಗುತ್ತಿತ್ತು.

ಕಾರಣ ಗೂಢವೇನಲ್ಲ. ಒಂದು ರೀಡು ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ, ಎರಡೂ ಕೂಡಿದಾಗ ಸೆಕೆಂಡಿಗೆ ಎರಡು ಬಾರಿ ನಾದ ಉಬ್ಬಿ ಇಳಿಯುತ್ತದೆ. ಶ್ರುತಿ ಮಾಡುವವರು ಹಿಡಿಯುವುದು ಈ ಅಲೆಯನ್ನೇ. ಅಲೆ ನಿಧಾನವಾಗುತ್ತಾ ಆಗುತ್ತಾ ನಿಂತುಬಿಟ್ಟಾಗ ಎರಡು ಸ್ವರಗಳು ಒಂದಾದವೆಂದು ಅರ್ಥ. ಯಂತ್ರ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಅಳೆದು, ಕೂದಲೆಳೆಯಷ್ಟು ಹೆಚ್ಚು ಕಡಿಮೆಯನ್ನು ಮನ್ನಿಸಿ ‘ಸರಿ’ ಎನ್ನುತ್ತದೆ. ಒಂದು ಕೂದಲೆಳೆ ಹೆಚ್ಚು, ಅದರ ಜೋಡಿ ಒಂದು ಕೂದಲೆಳೆ ಕಡಿಮೆ. ಸಾಲದ್ದಕ್ಕೆ ತಿದಿ ಒತ್ತುವ ಬಲದೊಂದಿಗೆ ರೀಡಿನ ಸ್ವರವೂ ತುಸು ಬದಲಾಗುತ್ತದೆ.

ಹುಡುಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ‘ಯಂತ್ರ ಸರಿ ಎಂದ ಮೇಲೂ ತಪ್ಪಾಗುವುದು ಹೇಗೆ?’ ಆ ‘ಸರಿ’ ಯಾರದು ಎಂದು ನಾನು ಹುಡುಕುತ್ತಾ ಹೋದೆ. ಫ್ರಾನ್ಸ್ ದೇಶ 1859ರಲ್ಲಿ ‘ಎ’ ಎಂಬ ಸ್ವರಕ್ಕೆ ಸೆಕೆಂಡಿಗೆ 435 ಕಂಪನಗಳೆಂದು ಕಾನೂನು ಮಾಡಿತ್ತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮಾವೇಶ ಅದನ್ನು 440 ಎಂದಿತು. ಸಭೆ ಸೇರಿ ಒಪ್ಪಿಕೊಂಡ ಅಂಕಿಯೇ ಪರದೆಯ ಹಸಿರು ಬೆಳಕಾಗಿ ನಮ್ಮ ಮುಂದೆ ನಿಂತಿದೆ.

ಇನ್ನೂ ಆಳದಲ್ಲಿ ಒಂದು ಸಂಗತಿಯಿದೆ. ಷಡ್ಜದಿಂದ ಶುದ್ಧ ಪಂಚಮ, ಅದರಿಂದ ಮತ್ತೊಂದು ಪಂಚಮ, ಹೀಗೆ ಹನ್ನೆರಡು ಮೆಟ್ಟಿಲು ಹತ್ತಿದರೆ ಏಳು ಸ್ಥಾಯಿಗಳ ಮೇಲೆ ಮತ್ತೆ ಷಡ್ಜ ಸಿಗಬೇಕು. ಸಿಗುವುದಿಲ್ಲ, ಅರ್ಧ ಸ್ವರದ ಸುಮಾರು ಕಾಲು ಭಾಗದಷ್ಟು ಆಚೆಗೆ ಹೋಗಿರುತ್ತೇವೆ. ಇದು ಯಾರ ತಪ್ಪೂ ಅಲ್ಲ, ನಾದದ ಸ್ವಭಾವವೇ ಹಾಗೆ. ಮನೆಗಳು ಸ್ಥಿರವಾಗಿರುವ ಹಾರ್ಮೋನಿಯಂ, ಪಿಯಾನೋಗಳಲ್ಲಿ ಆ ಹೆಚ್ಚುವರಿಯನ್ನು ಎಲ್ಲಾದರೂ ಅಡಗಿಸಲೇಬೇಕು. ಇಂದಿನ ರೂಢಿ ಅದನ್ನು ಹನ್ನೆರಡು ಮನೆಗಳಿಗೂ ಸಮನಾಗಿ ಹಂಚಿದೆ. ಪಂಚಮಕ್ಕೆ ಹೆಚ್ಚು ನಷ್ಟವಿಲ್ಲ. ಗಾಂಧಾರ ಮಾತ್ರ ತನ್ನ ಶುದ್ಧ ಸ್ಥಾನಕ್ಕಿಂತ ಮೇಲೆ ಕೂರಬೇಕಾಗುತ್ತದೆ, ಅರ್ಧ ಸ್ವರವನ್ನು ನೂರು ಭಾಗ ಮಾಡಿದರೆ ಸುಮಾರು 14 ಭಾಗದಷ್ಟು ಮೇಲೆ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟು, 1971ರವರೆಗೂ ಆ ನಿಷೇಧವನ್ನು ಸಡಿಲಿಸದಿದ್ದುದಕ್ಕೆ ಈ ದೂರೂ ಒಂದು ಕಾರಣ. ಯಾವ ಸ್ವರ ಎಷ್ಟು ಸಹಿಸಿಕೊಳ್ಳಬೇಕೆಂಬ ತೀರ್ಮಾನ ಯಂತ್ರದ್ದಲ್ಲ. ಎಂದೋ ಯಾರೋ ಮಾಡಿದ ತೀರ್ಮಾನವನ್ನು ಅದು ಚಾಚೂತಪ್ಪದೆ ಪಾಲಿಸುತ್ತದೆ, ಅಷ್ಟೆ.

ಹಾಗೆಂದು ಯಂತ್ರವನ್ನು ಹಳಿಯುವ ಮನಸ್ಸು ನನಗಿಲ್ಲ. ಹರಿಹರದ ಜನರ ಮುಂದೆ ಹಾಗೆ ಹಳಿದರೆ ನಕ್ಕಾರು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿಹೋಗಿದ್ದರೂ, ಅಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿದ ಕೈಗಳು ಊರಿನಲ್ಲಿ ಇನ್ನೂ ಇವೆ. ಅಂಥ ಒಬ್ಬ ನಿವೃತ್ತರನ್ನು ವಿಚಾರಿಸಿದೆ. ‘ಅಳತೆಗೆ ಮೈಕ್ರೋಮೀಟರೇ ಬೇಕು, ಕಣ್ಣಂದಾಜು ನಡೆಯದು. ಆದರೆ ಟೂಲು ಮೊಂಡಾಯಿತು ಅನ್ನೋದು ಮೊದಲು ಕಿವಿಗೇ ಗೊತ್ತಾಗೋದು’ ಎಂದರು. ಅವರಿಗೆ ಇದರಲ್ಲಿ ವಿವಾದವೇ ಕಾಣಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡಿದ ತಾಯಿ ಥರ್ಮಾಮೀಟರನ್ನೂ ಇಡುತ್ತಾಳೆ. ಅದು 98 ತೋರಿಸಿದರೂ ಮಗು ಮಂಕಾಗಿದ್ದರೆ ಆಸ್ಪತ್ರೆಗೆ ಹೊರಡುತ್ತಾಳೆ.

ಸೊಲೊಮೋನನ ಜ್ಞಾನಗ್ರಂಥವು ದೇವರು ಎಲ್ಲವನ್ನೂ ಅಳತೆ, ಎಣಿಕೆ, ತೂಕಗಳಿಂದ ಕ್ರಮಗೊಳಿಸಿದರೆಂದು ತಿಳಿಸುತ್ತದೆ. ಅಳತೆ ದೈವನಿಂದೆಯಲ್ಲ. ಆದರೆ ಅದೇ ಸೊಲೊಮೋನ ರಾಜ್ಯಭಾರ ವಹಿಸಿಕೊಂಡಾಗ ಬೇಡಿದ್ದು ಅಳತೆಗೋಲನ್ನಲ್ಲ. ಅರಸುಗಳ ಮೊದಲನೆಯ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಅವನು ವಿವೇಕವನ್ನು ಕೋರುತ್ತಾನೆಂದು ನಾವು ಓದುತ್ತೇವೆ. ಹೀಬ್ರೂ ಮೂಲದಲ್ಲಿ ಆ ಕೋರಿಕೆ ಆಲಿಸಬಲ್ಲ ಹೃದಯಕ್ಕಾಗಿ. ಅಳತೆಯನ್ನು ಯಂತ್ರಕ್ಕೆ ವಹಿಸಬಹುದು. ಆಲಿಸಿ, ‘ಇದು ಸರಿ, ಇದಕ್ಕೆ ನಾನು ಹೊಣೆ’ ಎನ್ನುವುದನ್ನು ವಹಿಸಲಾಗದು. ಎರಡು ಸ್ವರಗಳ ನಡುವೆ ಎಷ್ಟೋ ಅಷ್ಟೇ ನಿಜ ಇದು, ಎರಡು ಮನೆಗಳ ನಡುವೆಯೂ.

ಇಲ್ಲಿ ನೆನಪಾದವರು ಪ್ಯಾರಿಸ್ಸಿನ ಅಂಧ ಬಾಲಕರ ಶಾಲೆಯ ಕ್ಲೋದ್ ಮೊಂತಾಲ್. ಕಣ್ಣಿಲ್ಲದವನಿಂದ ಪಿಯಾನೋ ಕೆಲಸವಾದೀತೇ ಎಂಬ ಅನುಮಾನದ ನಡುವೆಯೇ ಅವರು ಶ್ರುತಿಗೊಳಿಸುವ ವಿದ್ಯೆಯನ್ನು ಸ್ವಂತವಾಗಿ ಕಲಿತು, 1836ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಅವರ ನಂತರ ಯೂರೋಪಿನಲ್ಲಿ ಅದೆಷ್ಟೋ ಅಂಧರಿಗೆ ಅದು ಅನ್ನದ ದಾರಿಯಾಯಿತು. ಅದೇ ಶಾಲೆಯ ಲೂಯಿ ಬ್ರೈಲ್ ದೇವಾಲಯಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. ಕಣ್ಣು ಸೋತಲ್ಲಿ ಕಿವಿ ನೆರವಾದುದನ್ನು ಮೆಚ್ಚುವ ನಾವು, ಕಿವಿ ಸೋತಲ್ಲಿ ಕಣ್ಣಿನ ನೆರವು ಪಡೆದವರನ್ನು ಮೋಸಗಾರರೆಂದೆವು!

ಹೌದು, ಕಿವಿಯೇ ಸೋತಿತ್ತು. ಬಾಕಿ ಹಣ ಹಿಡಿದುಕೊಂಡು ಆ ಹಿರಿಯರ ಮನೆ ಹುಡುಕಿ ಹೋದಾಗ ಅವರೇ ಹೇಳಿದರು. ವಯಸ್ಸಾದಂತೆ ತಾರಸ್ಥಾಯಿಯ ರೀಡುಗಳ ಅಲೆ ಅವರಿಗೆ ಕೇಳದಾಗಿತ್ತು. ‘ಕೆಳಗಿನದೆಲ್ಲ ಕಿವಿಯಲ್ಲೇ ಮಾಡಿದ್ದು. ಮೇಲಿನ ಆರೇಳು ಮನೆಗೆ ಮಾತ್ರ ಮೊಮ್ಮಗನ ಫೋನು. ಕೇಳದೇ ಇದ್ದದ್ದನ್ನು ಕೇಳಿಸಿತು ಅಂತ ಸುಳ್ಳು ಹೇಳಿ ಬಿಡಲೇ?’ ಎಂದರು. ನಾವು ಮೋಸವೆಂದದ್ದು ಅವರ ಪ್ರಾಮಾಣಿಕತೆಯನ್ನು. ಕೂಲಿ ಕೊಟ್ಟಿದ್ದು ಕೆಲಸಕ್ಕೋ ವಿದ್ಯೆಯ ಠೀವಿಗೋ ಎಂದು ನನ್ನನ್ನೇ ಕೇಳಿಕೊಂಡರೆ ಇಂದಿಗೂ ನೆಟ್ಟಗಿನ ಉತ್ತರ ಹೊಳೆಯದು.

ಹಣವನ್ನು ಅವರು ತೆಗೆದುಕೊಂಡರು, ಎಣಿಸಿಯೇ ತೆಗೆದುಕೊಂಡರು. ಮುಂದಿನ ಶನಿವಾರ ಗಾನವೃಂದದ ಕೋಣೆಗೆ ಬಂದು ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಫೋನು ಬೆಂಚಿನ ಮೇಲಿತ್ತು. ಮೊದಲಿಗೆ ಅದನ್ನು ನೋಡಿಯೇ ಒಂದು ರೀಡನ್ನು ಅದರ ಮನೆಗೆ ತಂದರು. ಆಮೇಲೆ ಅದರ ಜೋಡಿಯನ್ನೂ ಬಿಟ್ಟು, ತಿದಿಯನ್ನು ಮೆಲ್ಲಗೆ ಒತ್ತುತ್ತಾ ಕೇಳಿದರು:

‘ಮಗಾ, ಅಲುಗಾಡುತ್ತಾ?’

‘ಅಲುಗಾಡುತ್ತೆ ಅಜ್ಜ. ಸೆಕೆಂಡಿಗೆ ಒಂದು ಸಲ.’

ಅವರು ತುದಿಯ ಮೇಲೆ ಅರವನ್ನು ಒಮ್ಮೆ ಎಳೆದರು. ‘ಈಗ?’

ಹುಡುಗ ಕಣ್ಣು ಮುಚ್ಚಿಕೊಂಡ. ‘ಇನ್ನೂ ಇದೆ. ಆದರೆ ನಿಧಾನ.’