ಬಾಗಿಲಿನ ಭಾರ

ಬೆಂಗಳೂರಿನಲ್ಲಿ ಬಹುಮಹಡಿ ಕಟ್ಟಡವೊಂದರ ನಕ್ಷೆ ಕಾಗದಕ್ಕಿಳಿಯುವ ಮೊದಲೇ ಎಷ್ಟೋ ಸಲ ಎರಡು ಮೂಲೆಗಳು ಇತ್ಯರ್ಥವಾಗಿರುತ್ತವೆ. ನೀರಿನ ಸಂಪು ಈಶಾನ್ಯಕ್ಕೆ, ಟ್ರಾನ್ಸ್‌ಫಾರ್ಮರು, ಜನರೇಟರು ಆಗ್ನೇಯಕ್ಕೆ. ಅಗ್ನಿಗೆ ಅವನ ಮೂಲೆ ಕೊಟ್ಟುಬಿಟ್ಟರೆ ಉಳಿದ ಕಡೆ ಕಾಲಿಡುವುದಿಲ್ಲ ಎಂಬ ಲೆಕ್ಕ. ಪಂಪು, ಕೇಬಲ್ಲು, ಗಾಳಿಕೊಳವೆಗಳ ಕೆಲಸ ನೋಡುವ ಎಂಜಿನಿಯರು ಇದಕ್ಕೆ ತಕರಾರು ತೆಗೆಯುವುದಿಲ್ಲ. ಯಾವ ಮೂಲೆಯಾದರೂ ಸರಿ, ಜಾಗ ಸಿಕ್ಕಿತಲ್ಲ ಎಂಬ ಸಮಾಧಾನ ಅವರದು. ಆದರೆ ಮುಂಬಾಗಿಲು ಯಾವ ದಿಕ್ಕಿಗಿರಬೇಕೆಂದು ಮೂರು ಸಭೆ ಸೇರಿಸುವ ಜನ, ಹಿಂದಿನ ಮೆಟ್ಟಿಲ ಬಾಗಿಲು ತೆರೆಯುತ್ತದೆಯೇ ಎಂದು ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ.

2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಅದೇನೂ ಗಗನಚುಂಬಿಯಲ್ಲ, ಏಳಂತಸ್ತಿನ ಕಟ್ಟಡ. ಜನರನ್ನು ಕೊಂದದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಉಸಿರು ಸಿಗದೆ ಗಾಜು ಒಡೆದು ಕೆಳಕ್ಕೆ ಹಾರಿದವರೂ ಸತ್ತವರಲ್ಲಿದ್ದರು. ಹೊಗೆ ಮೇಲೇರಿದ್ದು ವಿದ್ಯುತ್ ಕೇಬಲ್‌ಗಳ ಡಕ್ಟ್ ಹಿಡಿದು. ತುರ್ತು ದಾರಿಗಳು ಮುಚ್ಚಿದ್ದವು ಎಂದು ಆಗ ಪತ್ರಿಕೆಗಳಲ್ಲಿ ಬಂತು.

ಈ ಡಕ್ಟ್ ಅನ್ನುವುದು ನೆಲದಿಂದ ತಾರಸಿಯವರೆಗೆ ಕಟ್ಟಡದ ಹೊಟ್ಟೆಯಲ್ಲಿ ಹಾಯುವ ಒಂದು ಪೊಳ್ಳು. ಪ್ರತಿ ಮಹಡಿಯಲ್ಲೂ ಕೇಬಲ್ ಹಾಯುವ ತೂತನ್ನು ಬೆಂಕಿ ತಡೆಯುವ ಸಾಮಗ್ರಿಯಿಂದ ಮೆತ್ತಿ ಮುಚ್ಚದಿದ್ದರೆ ಅದು ಬಚ್ಚಲೊಲೆಯ ಹೊಗೆಕೊಳವೆಯೇ. ಬಿಸಿ ಹೊಗೆ ಮೇಲಕ್ಕೆ ಹೋಗುತ್ತದೆ, ಅದಕ್ಕೆ ಬೇರೆ ಏನೂ ತಿಳಿಯದು. ಕಟ್ಟುವಾಗ ಸರಿಯಾಗಿಯೇ ಮುಚ್ಚಿದ್ದರೂ, ಎರಡು ವರ್ಷದ ಮೇಲೆ ಇಂಟರ್ನೆಟ್ ಎಳೆಯಲು ಬಂದ ಹುಡುಗ ಹೊಸ ತೂತು ಕೊರೆದು ಹೋಗಿರುತ್ತಾನೆ. ಅವನ ಬಿಲ್ಲಿನಲ್ಲಿ ತೂತು ಮುಚ್ಚುವ ಬಾಬತ್ತು ಇರುವುದಿಲ್ಲ.

ಇಂಥ ಸಾವಾದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು ಹಣೆಬರಹ. ಮಗನನ್ನು ಕಳಕೊಂಡವರು ಹಾಗೆಂದರೆ ನಾನು ತಲೆತಗ್ಗಿಸಿ ಸುಮ್ಮನಿರುತ್ತೇನೆ; ದುಃಖಕ್ಕೆ ಒಂದು ಊರುಗೋಲು ಬೇಕು. ಅದೇ ಮಾತನ್ನು ಕಟ್ಟಡದ ಉಸ್ತುವಾರಿ ಹೊತ್ತವರು ಆಡಿದರೆ ಅದು ಬಚ್ಚಿಟ್ಟುಕೊಳ್ಳುವ ಜಾಗವಾಗುತ್ತದೆ. ಕಾರ್ಲ್‌ಟನ್‌ನಲ್ಲಿ ತಮ್ಮವರನ್ನು ಕಳಕೊಂಡವರು ಹಣೆಬರಹವೆಂದು ಕೈಕಟ್ಟಿ ಕೂರಲಿಲ್ಲ. ‘ಬಿಯಾಂಡ್ ಕಾರ್ಲ್‌ಟನ್’ ಎಂದು ಸಂಘಟಿತರಾಗಿ ಅಗ್ನಿಸುರಕ್ಷತೆಯ ಪ್ರಶ್ನೆ ಎತ್ತಿಕೊಂಡರು. ನನ್ನ ಮಟ್ಟಿಗೆ ಅದು ಯಾವ ತಿಥಿಗಿಂತಲೂ ದೊಡ್ಡ ಶ್ರಾದ್ಧ.

ಹೊಗೆಯನ್ನು ಮೆಟ್ಟಿಲಿಗೆ ಬಾರದಂತೆ ತಡೆಯುವ ಉಪಾಯ ತುಂಬ ಸರಳ. ಬೆಂಕಿಯ ಗಂಟೆ ಹೊಡೆದೊಡನೆ ದೊಡ್ಡ ಫ್ಯಾನೊಂದು ಹೊರಗಿನ ಗಾಳಿಯನ್ನು ಮೆಟ್ಟಿಲ ಗೂಡಿನೊಳಗೆ ತುಂಬುತ್ತದೆ. ಒಳಗಿನ ಒತ್ತಡ ಹೆಚ್ಚಿದ್ದರೆ ಹೊಗೆ ಸಂದಿಯಲ್ಲಿ ನುಸುಳಲಾರದು. ಎಂಜಿನಿಯರುಗಳು ಇಟ್ಟುಕೊಳ್ಳುವ ಗುರಿ ಸುಮಾರು 50 ಪಾಸ್ಕಲ್, ಅಂದರೆ 5 ಮಿಲಿಮೀಟರ್ ಎತ್ತರ ನಿಂತ ನೀರಿನ ಭಾರ. ಅಷ್ಟೇನಾ ಅನ್ನಿಸುತ್ತದೆ. ಆದರೆ 2 ಚದರ ಮೀಟರಿನ ಬಾಗಿಲಿಗೆ ಲೆಕ್ಕ ಹಾಕಿ ನೋಡಿ: ಆಚೆ ಕಡೆ ಯಾರೋ 10 ಕೆ.ಜಿ. ಭಾರ ಒತ್ತಿ ನಿಂತ ಹಾಗೆ. ಮೆಟ್ಟಿಲ ಬಾಗಿಲು ಓಡುವವರ ದಿಕ್ಕಿಗೆ, ಅಂದರೆ ಆ ಒತ್ತಡದ ಎದುರಿಗೇ ತೆರೆಯಬೇಕು. ಹಿಡಿಕೆ ತಿರುಗಣೆಯಿಂದ ದೂರದ ಅಂಚಿನಲ್ಲಿರುವುದರಿಂದ ಕೈಗೆ ಬೀಳುವುದು ಅದರಲ್ಲಿ ಅರ್ಧ. ಬಾಗಿಲನ್ನು ತಾನೇ ಮುಚ್ಚಿಸುವ ಸ್ಪ್ರಿಂಗಿನ ಬಿಗಿ ಅದರ ಮೇಲೆ. ಫ್ಯಾನು ಜೋರಾಯಿತೋ, ಬಾಗಿಲು ಜಗ್ಗುವುದಿಲ್ಲ. ಮೆಲ್ಲಗಾಯಿತೋ, ಹೊಗೆ ನುಗ್ಗುತ್ತದೆ. ಒಂದು ಬಾಗಿಲು ತೆರೆದಾಗಿನ ಲೆಕ್ಕ ನಾಲ್ಕು ತೆರೆದಾಗ ನಿಲ್ಲುವುದಿಲ್ಲ.

ಕೈ ಯಾರದು ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಬರೀ ಕಚೇರಿಯಾದರೆ ದುಡಿಯುವ ವಯಸ್ಸಿನವರ ಕೈ ಎನ್ನಬಹುದಿತ್ತು. ಕೆಳಗೆ ಅಂಗಡಿ, ನಡುವೆ ಹಲ್ಲಿನ ಡಾಕ್ಟರು, ಮೇಲೆ ಕಂಪ್ಯೂಟರ್ ಕಂಪನಿ ಇರುವ ಈಗಿನ ಟವರಿನಲ್ಲಿ ಬಾಗಿಲ ಮುಂದೆ ನಿಲ್ಲುವುದು ಎಂಟು ವರ್ಷದ ಹುಡುಗಿಯಿರಬಹುದು, ಮಂಡಿನೋವಿನ ಅಜ್ಜನಿರಬಹುದು. ತಾನೆಂದೂ ಕಾಣದ ಆ ಹುಡುಗಿಯ ತೋಳಿನ ಬಲವನ್ನು ಒಬ್ಬ ಎಂಜಿನಿಯರು ಮೇಜಿನ ಮುಂದೆ ಕೂತು ಊಹಿಸಿ ಒತ್ತಡ ನಿಗದಿಮಾಡುತ್ತಾನಲ್ಲ, ಪರರ ಚಿಂತೆ ಎಂದು ಪುರಾಣಪ್ರವಚನಗಳಲ್ಲಿ ಕೇಳಿದ್ದು ನನಗೆ ಕಣ್ಣಿಗೆ ಕಂಡದ್ದು ಆ ಅಂಕಿಯಲ್ಲಿ.

ಬಾಗಿಲಿಗೆ ಬೀಗವೇ ಬಿದ್ದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪಿನ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ವಲಸೆ ಬಂದ ಹರೆಯದ ಹೆಣ್ಣುಮಕ್ಕಳು. ಒಂಬತ್ತನೇ ಮಹಡಿಯಲ್ಲಿ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿತ್ತು. ಕೆಲಸ ಮುಗಿಸಿ ಹೊರಡುವ ಹುಡುಗಿಯರು ಬಟ್ಟೆ ಕದ್ದಾರೆಂಬ ಗುಮಾನಿ, ಅವರ ಚೀಲ ತಪಾಸಣೆಗೆ ಇನ್ನೊಂದು ಬಾಗಿಲು. ಮಾಲೀಕರ ಮೇಲೆ ಮೊಕದ್ದಮೆ ನಡೆದು ಅವರು ಖುಲಾಸೆಯಾದರು. ಬೀದಿಯಲ್ಲಿ ನಿಂತು ಆ ಬೆಂಕಿ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಮುಂದೆ 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವೆಯಾದಳು. ನಮ್ಮಲ್ಲೂ ಹಿಂದಿನ ಬಾಗಿಲಿಗೆ ಸರಪಳಿ ಬೀಳುವುದು ಲ್ಯಾಪ್‌ಟಾಪ್ ಹೋದೀತೆಂಬ ಅದೇ ಗುಮಾನಿಗೆ. ನಂಬಿಕೆಯಿಲ್ಲದ ಕಡೆ ಯಂತ್ರ ಎಷ್ಟು ಚೆನ್ನಾಗಿದ್ದರೇನು?

ಕಳೆದ ವರ್ಷ ಇಂಥದೊಂದು ಟವರಿನಲ್ಲಿ ಲಿಫ್ಟು ಕೆಟ್ಟು ನಾನು ಅಗ್ನಿಮೆಟ್ಟಿಲು ಹತ್ತಬೇಕಾಯಿತು. ಐದನೇ ಮಹಡಿಯ ತಿರುವಿನಲ್ಲಿ ಹೌಸ್‌ಕೀಪಿಂಗ್ ಹೆಣ್ಣುಮಕ್ಕಳು ನಾಲ್ವರು ಡಬ್ಬಿ ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಬಕೆಟ್ಟು, ಮಾಪು, ಚಪ್ಪಲಿ. ನಾನು ಹಾಯುವಷ್ಟು ಜಾಗಕ್ಕೆ ಎಲ್ಲರೂ ಗೋಡೆಗೆ ಒತ್ತಿಕೊಂಡರು. ವಿಚಾರವಂತನೆಂಬ ಜಂಬ ನನಗೆ. ದಾರಿಗೆ ಅಡ್ಡವಾಗುವುದು ಅಪಾಯವೆಂದು ಮ್ಯಾನೇಜರಿಗೆ ತಿಳಿಸಿಯೇ ಹೋದೆ. ಅವರು ಕೂಡಲೇ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ತಿಂಗಳು ಹೋದಾಗ ಮೆಟ್ಟಿಲು ಖಾಲಿ, ಗೋಡೆಯ ಮೇಲೆ ‘ಇಲ್ಲಿ ಕೂರಬಾರದು’ ಎಂದು ಹಾಳೆ ಅಂಟಿಸಿತ್ತು. ಗಾಡಿ ತೆಗೆಯಲು ಬೇಸ್‌ಮೆಂಟಿಗೆ ಇಳಿದರೆ ಆ ನಾಲ್ವರೂ ಅಲ್ಲಿ, ಪಂಪ್ ರೂಮಿನ ಗೋಡೆಗೊರಗಿ, ಕಾರುಗಳ ಹೊಗೆ ಎಳೆದು ಹೊರಹಾಕುವ ಫ್ಯಾನಿನ ಸದ್ದಿನ ಕೆಳಗೆ ಉಣ್ಣುತ್ತಿದ್ದರು. ಜನರೇಟರಿನ ಕೋಣೆಗೆ ಗಂಟೆಗೆಷ್ಟು ಗಾಳಿ ಬೇಕೆಂದು ಲೆಕ್ಕ ಹಾಕಿದ ನಕ್ಷೆಯಲ್ಲಿ ಇವರು ಕೂತು ಉಣ್ಣಲು ಒಂದು ಚೌಕವನ್ನೂ ಯಾರೂ ಬರೆದಿರಲಿಲ್ಲ. ನನ್ನ ಗುರುತು ಹಿಡಿದ ಒಬ್ಬಾಕೆ ಡಬ್ಬಿಯ ಮುಚ್ಚಳ ಹಾಕಿ ಅರ್ಧ ಎದ್ದಳು.

“ಇಲ್ಲಾದ್ರೂ ಕೂತ್ಕೋಬೋದಾ ಸಾರ್?”