ಸಾಲು ನಿಮ್ಮದು, ಪಾಳಿ ಯಾರದು?

ಪದೇಪದೇ ವಿಮಾನದಲ್ಲಿ ಓಡಾಡುವವರ ಹತ್ತಿರ ಒಂದು ಗುಪ್ತವಿದ್ಯೆ ಇರುತ್ತೆ. ಸೆಕ್ಯೂರಿಟಿ ಚೆಕ್ ಹತ್ತಿರ ಬಂದ ಕೂಡಲೇ ಕಣ್ಣು ಎಲ್ಲ ಸಾಲುಗಳ ಮೇಲೂ ಒಮ್ಮೆ ಹರಿದುಹೋಗುತ್ತೆ, ಮೂರೇ ಸೆಕೆಂಡಿನಲ್ಲಿ ತೀರ್ಮಾನ ಆಗಿಬಿಡುತ್ತೆ. ಮಗು ಎತ್ತಿಕೊಂಡವರ ಹಿಂದೆ ಬೇಡ. ಅಜ್ಜ-ಅಜ್ಜಿಯರ ಹಿಂದೆ ಬೇಡ. ಟಿಕೆಟ್ಟಿನ ಪ್ರಿಂಟೌಟ್ ಹಿಡಿದು ಗಾಬರಿಯಿಂದ ಆಚೀಚೆ ನೋಡುತ್ತಿರುವವರ ಹಿಂದಂತೂ ಬೇಡವೇ ಬೇಡ. ಟೀಶರ್ಟು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕಿವಿಯಲ್ಲಿ ಇಯರ್‌ಬಡ್ಸ್ ಇದ್ದರೆ ಹಾಂ, ಇವರು ನಮ್ಮವರು, ಇವರ ಹಿಂದೆ ನಿಲ್ಲಿ. ಹೊಸದಾಗಿ ಕ್ಲೈಂಟ್ ಆಫೀಸಿಗೆ ಓಡಾಡೋಕೆ ಶುರುಮಾಡಿದವರಿಗೆ ಸೀನಿಯರ್‌ಗಳು ಇದನ್ನ ಗುರುಮಂತ್ರದ ಹಾಗೆ ಕಿವಿಯಲ್ಲಿ ಊದ್ತಾರೆ.

ಇದು ನಮ್ಮ ಆಫೀಸುಗಳಲ್ಲಿ ಹುಟ್ಟಿದ್ದೇನಲ್ಲ. 2009ರ 'ಅಪ್ ಇನ್ ದಿ ಏರ್' ಸಿನಿಮಾ ನೋಡಿದವರಿಗೆ ನೆನಪಿರಬಹುದು. ವರ್ಷದ ಬಹುಪಾಲು ದಿನ ಊರೂರು ಹಾರುತ್ತಲೇ ಕಳೆಯುವ ಜಾರ್ಜ್ ಕ್ಲೂನಿಯ ಪಾತ್ರ, ಜೊತೆಗೆ ಬಂದ ಹೊಸ ಹುಡುಗಿಗೆ ಕಲಿಸೋದು ಇದನ್ನೇ. ಮಕ್ಕಳಿದ್ದವರನ್ನ ಬಿಡು, ಮುದುಕರನ್ನ ಬಿಡು, ಮಧ್ಯಪ್ರಾಚ್ಯದವರನ್ನ ಬಿಡು, ಅವರಿಗೆ ಎರಡನೇ ತಪಾಸಣೆ ಗ್ಯಾರಂಟಿ. ಏಷ್ಯಾದವರ ಹಿಂದೆ ನಿಲ್ಲು, ಅವರ ಸಾಮಾನು ಕಡಿಮೆ. ಇದು ಜನಾಂಗಭೇದ ಅಲ್ವಾ ಅಂತ ಅವಳು ಬೆಚ್ಚಿದರೆ, ಜನರನ್ನ ಹೀಗೆ ಅಚ್ಚಿಗೆ ಹಾಕಿ ನೋಡಿದರೆ ಕೆಲಸ ಬೇಗ ಆಗುತ್ತೆ ಅನ್ನೋ ಅರ್ಥದ ಉತ್ತರ ಕೊಡ್ತಾನೆ. ನಮಗೆ ನಗು ಬರುತ್ತೆ. ಆದರೆ ಅದೇ 2009ರ ಆಗಸ್ಟ್‌ನಲ್ಲಿ ಶಾರುಖ್ ಖಾನ್‌ ಅವರನ್ನ ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ತಡೆದು ವಿಚಾರಣೆ ಮಾಡಿದಾಗ ನಮ್ಮಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಬೇರೆಯವರ ಲೆಕ್ಕದಲ್ಲಿ ನಾವು ಯಾವ ಪಟ್ಟಿಗೆ ಸೇರ್ತೀವಿ ಅನ್ನೋದು ಆ ಲೆಕ್ಕ ಹಾಕುವವರಿಗೆ ಬಿಟ್ಟಿದ್ದು.

ನೈತಿಕತೆಯ ಮಾತು ಆಮೇಲೆ ಆಡೋಣ. ಮೊದಲು ಎಂಜಿನಿಯರ್ ಕೇಳೋ ಪ್ರಶ್ನೆ ಕೇಳೋಣ: ಈ ವಿದ್ಯೆ ಕೆಲಸ ಮಾಡುತ್ತಾ?

ಮುಂದಿನ ಸಲ ಹೋದಾಗ ಟ್ರೇ ಎಣಿಸಿ ನೋಡಿ. ನಮ್ಮಂಥವರದ್ದು ಲ್ಯಾಪ್‌ಟಾಪಿಗೆ ಒಂದು ಟ್ರೇ, ಬ್ಯಾಗಿಗೆ ಒಂದು, ಫೋನು, ಸ್ಮಾರ್ಟ್‌ವಾಚು, ಬೆಲ್ಟು, ಪವರ್ ಬ್ಯಾಂಕು, ಜಾಕೆಟ್ಟಿಗೆ ಇನ್ನೊಂದು. ದಾಟಿದ ಮೇಲೆ ಎಲ್ಲವನ್ನೂ ವಾಪಸ್ ತುಂಬಿಕೊಳ್ತಾ ರೋಲರ್ ಮುಂದೆ ಅಡ್ಡ ನಿಲ್ಲುವವರೂ ನಾವೇ. ಹವಾಯಿ ಚಪ್ಪಲಿ, ಧೋತರ ಉಟ್ಟ ಅಜ್ಜನದ್ದು ಒಂದೇ ಕೈಚೀಲ, ಒಂದೇ ಟ್ರೇ. ಬಿಚ್ಚೋಕೆ ಬೆಲ್ಟಿಲ್ಲ, ಬೂಟಿಲ್ಲ. ಅಜ್ಜ ತಡವಾಗೋದು ಒಂದೇ ಕಾರಣಕ್ಕೆ: ಏನು ಮಾಡಬೇಕು ಅಂತ ಅವರಿಗೆ ಯಾರೂ ಮುಂಚೆ ಹೇಳಿರೋದಿಲ್ಲ.

ಇನ್ನು ಪಕ್ಕದ ಸಾಲೇ ಬೇಗ ಹೋಗುತ್ತೆ ಅನ್ನೋ ಗೋಳು. ಮೂರು ಸಾಲು ಒಂದೇ ಥರ ಇದ್ದರೆ, ನಿಮ್ಮದೇ ಎಲ್ಲಕ್ಕಿಂತ ಬೇಗ ಸಾಗುವ ಸಾಧ್ಯತೆ ಮೂರರಲ್ಲಿ ಒಂದು. ಅಂದರೆ ಮೂರು ಸಲದಲ್ಲಿ ಎರಡು ಸಲ ನಿಮಗಿಂತ ಮುಂದೆ ಹೋಗೋ ಸಾಲೊಂದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತೆ. ಅದು ನಿಮ್ಮ ಮುಂದಿರುವ ಅಜ್ಜಿಯ ತಪ್ಪಲ್ಲ, ಗಣಿತ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಕೋಪನ್‌ಹೇಗನ್ ಟೆಲಿಫೋನ್ ಕರೆಗಳ ಬಗ್ಗೆ ಬರೆದ ಲೇಖನದಿಂದ ಶುರುವಾದ ಸಾಲುಗಳ ಶಾಸ್ತ್ರ ಇದಕ್ಕೆ ಒಂದು ಸರಳ ಪರಿಹಾರ ಹೇಳುತ್ತೆ. ಹತ್ತು ಕೌಂಟರಿಗೆ ಹತ್ತು ಸಾಲು ಬೇಡ. ಹಾವಿನ ಥರ ಸುತ್ತುವ ಒಂದೇ ಸಾಲು ಮಾಡಿ, ಯಾವ ಕೌಂಟರ್ ಖಾಲಿಯಾಯ್ತೋ ಅಲ್ಲಿಗೆ ತುದಿಯಲ್ಲಿರುವವರನ್ನ ಕಳಿಸಿ. ಮೊದಲು ಬಂದವರಿಗೇ ಮೊದಲ ಸರದಿ. ಒಬ್ಬರು ತಡಮಾಡಿದರೆ ಆ ಒಂದು ಕೌಂಟರ್ ಮಾತ್ರ ನಿಲ್ಲುತ್ತೆ, ಹಿಂದಿನವರು ಬೇರೆ ಕಡೆ ಹೋಗ್ತಾರೆ. ಯಾರ ಮುಖ ನೋಡಿ ಯಾರೂ ಏನೂ ಆರಿಸಬೇಕಿಲ್ಲ. ನೆಟ್‌ವರ್ಕಿಂಗ್ ಓದಿದವರಿಗೆ ಹೆಡ್ ಆಫ್ ಲೈನ್ ಬ್ಲಾಕಿಂಗ್ ಗೊತ್ತಲ್ಲ, ಅದಕ್ಕೇ ಇದು ಮದ್ದು. ಹಾಗಿದ್ದರೆ ಸಾಲು ಆರಿಸೋ ಜಾಣತನಕ್ಕೆ ಜಾಗ ಸಿಗೋದೇ ವ್ಯವಸ್ಥೆ ಸರಿ ಇಲ್ಲದ ಕಡೆ.

ಈಗ ನಿಜವಾದ ಪ್ರಶ್ನೆ. ವಿದ್ಯೆ ಕೆಲಸ ಮಾಡುತ್ತೆ ಅಂತಲೇ ಇಟ್ಟುಕೊಳ್ಳಿ. ಮಾಡಬಹುದಾ?

"ನಾನು ಬೇರೆ ಸಾಲಿಗೆ ಹೋದರೆ ಆ ಅಜ್ಜಿಗೇನು ನಷ್ಟ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಜ್ಜಿಗೆ ಏನೂ ನಷ್ಟ ಇಲ್ಲ. ನೀವು ಅವರ ಸರದಿ ಕಿತ್ತುಕೊಂಡಿಲ್ಲ, ಅವರಿಗೆ ಅದು ಗೊತ್ತೂ ಆಗೋದಿಲ್ಲ. ನಷ್ಟ ಆಗೋದು ನಿಮ್ಮ ಕಣ್ಣಿಗೆ. ತಿಂಗಳಿಗೆ ನಾಲ್ಕು ಸಲ, ವರ್ಷಕ್ಕೆ ಸುಮಾರು ಐವತ್ತು ಸಲ, ಮನುಷ್ಯರನ್ನ ನೋಡಿದ ಕೂಡಲೇ 'ಇವರಿಂದ ನನಗೆಷ್ಟು ನಿಮಿಷ ಹಾಳು' ಅಂತ ಅಳೆಯೋ ಅಭ್ಯಾಸ ಮಾಡಿಸಿದ ಕಣ್ಣು, ವಿಮಾನ ಇಳಿದ ಮೇಲೆ ಸುಮ್ಮನಿರೋದಿಲ್ಲ. ಅದೇ ಕಣ್ಣು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರುತ್ತೆ. ಅದೇ ಕಣ್ಣು ಮನೆ ಬಾಡಿಗೆಗೆ ಕೇಳಿ ಬಂದವರನ್ನ ಬಾಗಿಲಲ್ಲಿ ನಿಲ್ಲಿಸಿ ನೋಡುತ್ತೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದ ಹೊಸತರಲ್ಲಿ ಒಂದು ಇಂಟರ್‌ವ್ಯೂನಲ್ಲಿ ನಾನು ಕಲಬುರಗಿ ಕಡೆಯ ಮಾತಿನಲ್ಲಿ ಎರಡು ವಾಕ್ಯ ಆಡಿದ ಕೂಡಲೇ ಎದುರಿಗಿದ್ದವರು ಪೆನ್ನು ಮುಚ್ಚಿಟ್ಟಿದ್ದು ನೆನಪಿದೆ. ಅವರು ಕೆಟ್ಟವರು ಅಂತ ನನಗೆ ಅನ್ನಿಸಲಿಲ್ಲ. ಬೇಗ ಸಾಗೋ ಸಾಲು ಹುಡುಕ್ತಾ ಇದ್ದರು, ಅಷ್ಟೇ. ಅವರಿಗೆ ನಾನು ತಡವಾಗೋ ಸಾಲು.

ನಮ್ಮೂರು ಕೋಟನೂರ, ಕಲಬುರಗಿಯ ಅಂಚಿನಲ್ಲಿ. ನಮ್ಮ ಕಡೆ ಕ್ಯೂಗೆ 'ಪಾಳಿ' ಅಂತಾರೆ. ಸಾಲು ಅಂದರೆ ಬರೀ ಗೆರೆ. ಪಾಳಿ ಅಂದರೆ ನಿನ್ನ ಸರದಿ, ಅಂದರೆ ನಿನ್ನ ಮುಂದೆ ಒಬ್ಬರು, ಹಿಂದೆ ಒಬ್ಬರು ಇದ್ದಾರೆ ಅಂತ ಒಪ್ಪಿಕೊಂಡದ್ದು. ಬೇಸಿಗೆಯಲ್ಲಿ ನಳಕ್ಕೆ ನೀರು ಬರೋ ಹೊತ್ತಿಗೆ ಕೊಡಗಳನ್ನ ಪಾಳಿಗೆ ಹಚ್ಚಿ, ಜನ ನೆರಳಿಗೆ ಕೂತಿರೋರು. ಕೊಡ ತಾನೇ ನಿಂತಿರೋದು, ಆದರೂ ಅದನ್ನ ದಾಟುವಂತಿರಲಿಲ್ಲ. ಬಾಣಂತಿ ಇದ್ದ ಮನೆಯವರ ಕೊಡ ಬಂದರೆ, "ಅವ್ರದು ಮೊದಲ ತುಂಬಿ ಕೊಡ್ರಿ" ಅನ್ನೋರು. ಜಗಳ ಇರಲಿಲ್ಲ ಅಂತಲ್ಲ, ಭರ್ಜರಿ ಜಗಳಗಳೇ ಆಗ್ತಿದ್ದವು. ಆದರೆ ಜಗಳ ಆಡೋದಕ್ಕೂ ಎದುರಿಗಿರೋದು ಯಾರ ಮನೆಯ ಕೊಡ ಅಂತ ಗೊತ್ತಿರಬೇಕಿತ್ತು.

ಈಗ ಅದೇ ಕಡೆಯ ಜನ ವಿಮಾನ ಹತ್ತುತ್ತಿದ್ದಾರೆ. ಹವಾಯಿ ಚಪ್ಪಲಿ ಹಾಕಿದವರೂ ಹಾರಬೇಕು ಅನ್ನೋ ಮಾತಿನೊಂದಿಗೆ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾ ಮತ್ತು ದಿಲ್ಲಿ ನಡುವೆ ಹಾರಿತು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಹತ್ತಿರ ಕಲಬುರಗಿಯ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಹಾರೋ ವಿಮಾನಗಳು ಆಮೇಲೆ ಹೆಚ್ಚೂ ಆಗಿವೆ, ಕಡಿಮೆಯೂ ಆಗಿವೆ. ಆದರೆ ಮಗನ ಮನೆಗೋ ಮಗಳ ಬಾಣಂತನಕ್ಕೋ ಮೊದಲ ಸಲ ಹಾರಿದ ಹಿರಿಯರು ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಬೆಂಗಳೂರಿನ ದೊಡ್ಡ ಟರ್ಮಿನಲ್‌ನಲ್ಲಿ ನೀವು ತಪ್ಪಿಸಿಕೊಂಡು ಹೋಗೋದು ಇವರನ್ನೇ. ನಿಮ್ಮ ಅವ್ವ-ಅಪ್ಪ ಒಬ್ಬರೇ ಬರುತ್ತಿದ್ದರೆ ಅವರ ಹಿಂದೆ ಎಂಥವರು ನಿಂತಿರಬೇಕು ಅಂತ ಬಯಸ್ತೀರಿ? ಇಡೀ ಪ್ರಶ್ನೆ ಅಲ್ಲಿಗೇ ಬಂದು ನಿಲ್ಲುತ್ತೆ.

ಅಮೆರಿಕದಲ್ಲಿ 2008ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಕೆಲವು ವಿಮಾನ ನಿಲ್ದಾಣಗಳಲ್ಲಿ ಸೆಕ್ಯೂರಿಟಿ ಸಾಲುಗಳಿಗೆ, ಹಿಮದಲ್ಲಿ ಸ್ಕೀ ಮಾಡೋ ಇಳಿಜಾರುಗಳಿಗೆ ಇರುವಂಥ ಗುರುತು ಹಾಕಿದರು: ಕಪ್ಪು ಬಣ್ಣ ಪಳಗಿದವರಿಗೆ, ನೀಲಿ ಆಗೊಮ್ಮೆ ಈಗೊಮ್ಮೆ ಹಾರುವವರಿಗೆ, ಹಸಿರು ಮಕ್ಕಳಿದ್ದವರಿಗೆ, ಸಹಾಯ ಬೇಕಾದವರಿಗೆ. ಇದೂ ಜನರನ್ನ ವಿಂಗಡಿಸೋದೇ ಅಲ್ವಾ ಅನ್ನಬಹುದು. ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಸಾಲು ಆರಿಸುತ್ತಿದ್ದವರು ಅವರವರೇ. 'ನಾನು ನಿಧಾನ, ನನಗೆ ಹೊತ್ತು ಬೇಕು' ಅಂತ ಒಬ್ಬರು ತಾವೇ ಹೇಳಿಕೊಳ್ಳೋದು ಬೇರೆ, ಅವರ ಚೀಲ, ಚಪ್ಪಲಿ ನೋಡಿ ನಾವು ಹಣೆಗೆ ಚೀಟಿ ಅಂಟಿಸೋದು ಬೇರೆ.

ಹಾಗಂತ ಬೇಕೆಂದೇ ಉದ್ದದ ಸಾಲಿನಲ್ಲಿ ನಿಂತು ಪುಣ್ಯ ಕಟ್ಟಿಕೊಳ್ಳಿ ಅಂತ ನಾನು ಹೇಳ್ತಿಲ್ಲ. ಬೇಗ ಹೋಗಬೇಕು ಅನ್ನೋದು ಪಾಪವಲ್ಲ. ಆರಿಸೋದಿದ್ದರೆ ಯಂತ್ರ ನೋಡಿ ಆರಿಸಿ. ಟ್ರೇ ತಾನೇ ವಾಪಸ್ ಬರೋ ಹೊಸ ಬೆಲ್ಟು ಯಾವ ಕಡೆ ಇದೆ, ಅನುಮಾನದ ಬ್ಯಾಗನ್ನ ಪಕ್ಕಕ್ಕೆ ತಳ್ಳಿ ಉಳಿದವನ್ನ ಸಾಗಿಸೋ ವ್ಯವಸ್ಥೆ ಎಲ್ಲಿದೆ, ಸಿಐಎಸ್‌ಎಫ್ ಸಿಬ್ಬಂದಿ ಎಲ್ಲಿ ಜಾಸ್ತಿ ಇದ್ದಾರೆ ಅಂತ ನೋಡಿ. ಇದು ನಿಜವಾಗಲೂ ಪದೇಪದೇ ಹಾರಿ ಕಲಿತ ಜ್ಞಾನ, ಇದರಿಂದ ಯಾರಿಗೂ ಅವಮಾನ ಇಲ್ಲ. ವಿಮಾನ ತಪ್ಪೋ ಹಾಗಿದ್ದರೆ ಸಾಲಿನಿಂದ ಸಾಲಿಗೆ ಜಿಗಿಯೋ ಬದಲು ಬಾಯಿಬಿಟ್ಟು ಕೇಳಿ: "ಅಣ್ಣಾರ, ಬೋರ್ಡಿಂಗ್ ಶುರು ಆಗ್ಯಾದ್ರಿ, ಮುಂದ ಹೋಗ್ಲೇನ್ರಿ?" ಇಲ್ಲ ಅನ್ನೋ ಹಕ್ಕು ಅವರಿಗಿದೆ. ಬಹಳ ಜನ ಇಲ್ಲ ಅನ್ನೋದಿಲ್ಲ.

ಪದೇಪದೇ ಹಾರುವವರ ಹತ್ತಿರ ಇರೋ ನಿಜವಾದ ಆಸ್ತಿ ವೇಗ ಅಲ್ಲ, ಮಾಹಿತಿ. ಅದು ನಮ್ಮ ಯೋಗ್ಯತೆಯಿಂದಲೂ ಬಂದದ್ದಲ್ಲ, ಕಂಪನಿ ಟಿಕೆಟ್ ಕೊಡಿಸಿದ್ದರಿಂದ ಬಂದದ್ದು. ಅದನ್ನ ತಪ್ಪಿಸಿಕೊಳ್ಳೋಕೆ ಬಳಸೋದೂ ಹೇಳಿಕೊಡೋಕೆ ಬಳಸೋದೂ ನಮಗೆ ಬಿಟ್ಟಿದ್ದು. ದೊಡ್ಡ ಬ್ಯಾಗು ಕೊಡೋ ಕೌಂಟರಿನಲ್ಲಿ ಪಕ್ಕ ನಿಂತ ಹಿರಿಯರನ್ನ ಒಂದು ಮಾತು ಕೇಳಿ: "ಅಜ್ಜಾರ, ಚಂಚಿಯೊಳಗ ಅಡಕಿ ಕತ್ರಿ ಏನರ ಅದ ಏನ್ರಿ? ಇದ್ರ ಈ ದೊಡ್ಡ ಬ್ಯಾಗಿನ್ಯಾಗ ಹಾಕ್ಬಿಡ್ರಿ, ಒಳಗ ಬಿಡಂಗಿಲ್ಲ." ಹತ್ತು ಸೆಕೆಂಡು ಸಾಕು. ಅವರಿಗೆ ಇಪ್ಪತ್ತು ವರ್ಷ ಜೊತೆಗಿದ್ದ ಕತ್ತರಿ ಉಳಿಯುತ್ತೆ, ಹಿಂದೆ ನಿಂತವರಿಗೆಲ್ಲ ಐದು ನಿಮಿಷ ಉಳಿಯುತ್ತೆ.