ನಿವೃತ್ತಿ ವಿಚಾರ

ಜಯನಗರದ ನಾಲ್ಕನೆಯ ಬ್ಲಾಕಿನ ಸುತ್ತ ಬೆಳಗಿನ ಹೊತ್ತು ನಡೆದಾಡುವ ವೃದ್ಧರು ತಮ್ಮ ಪರಿಚಯ ಹೇಳಿಕೊಳ್ಳುವ ಕ್ರಮವೊಂದುಂಟು. ಒಬ್ಬರು ನಿವೃತ್ತ ಇಂಜಿನಿಯರು, ಇನ್ನೊಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಮತ್ತೊಬ್ಬರು ನಿವೃತ್ತ ಪ್ರಾಧ್ಯಾಪಕರು. ಹೆಸರಿಗಿಂತ ಮೊದಲು ಈ ವಿಶೇಷಣವೇ ಬರುವುದು. ನಾನೂ ಏಳು ವರ್ಷಗಳಿಂದ ‘ನಿವೃತ್ತ ಸಂಸ್ಕೃತೋಪಾಧ್ಯಾಯ’ ಎಂದು ಹೇಳಿಕೊಳ್ಳುತ್ತ ಬಂದವನೇ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಪದಗಳ ಅರ್ಥವನ್ನು ಹೇಳಿಕೊಟ್ಟವನು ನನ್ನ ಹೆಸರಿಗೇ ಅಂಟಿಕೊಂಡ ಈ ಪದದ ಅರ್ಥವನ್ನು ಮಾತ್ರ ವಿಚಾರಿಸಿರಲಿಲ್ಲ. ವಿಚಾರಿಸುವಂತೆ ಮಾಡಿದವರು ಜಪಾನು ದೇಶದ ಒಬ್ಬ ಚಿತ್ರಕಾರರು. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ಮಳೆಗಾಲದಲ್ಲಿ ನನ್ನ ಮೊಮ್ಮಗಳು ‘ತಾತ, ಇದೊಂದನ್ನು ನೋಡಿ’ ಎಂದು ಬಲವಂತದಿಂದ ಕೂರಿಸಿ ತೋರಿಸಿದುದು ‘ತೊತೊರೊ’ ಎಂಬ ೧೯೮೮ರ ಆನಿಮೇಷನ್ ಚಿತ್ರವನ್ನು. ಬರೆದ ಚಿತ್ರಗಳನ್ನು ಓಡಿಸಿ ಆಡಿಸುವ ಆಟ ಮಕ್ಕಳದೆಂಬ ಉದಾಸೀನದಿಂದ ಕುಳಿತೆನು. ಅದರಲ್ಲಿ ಇಬ್ಬರು ಅಕ್ಕತಂಗಿಯರು ಮಳೆಯಲ್ಲಿ ಬಸ್ಸಿನ ನಿಲುಗಡೆಯ ಬಳಿ ತಂದೆಗಾಗಿ ಕಾಯುವರು. ಬಸ್ಸು ಬಾರದು. ಕತ್ತಲಾಗುವುದು. ತಂಗಿಗೆ ತೂಕಡಿಕೆ. ಕಾಡಿನ ಭೂತದಂತಹ ದೊಡ್ಡದೊಂದು ಪ್ರಾಣಿ ತಲೆಯ ಮೇಲೆ ಎಲೆಯನ್ನಿಟ್ಟುಕೊಂಡು ಪಕ್ಕದಲ್ಲಿ ಬಂದು ನಿಲ್ಲುವುದು, ಅದೂ ಕಾಯುವುದು. ಅಕ್ಕನು ಕೊಟ್ಟ ಕೊಡೆಯ ಮೇಲೆ ಹನಿ ಬಿದ್ದ ಸದ್ದಿಗೆ ಅದಕ್ಕೆ ಪರಮಾನಂದ. ಇಷ್ಟೇ. ಮಳೆಯಲ್ಲಿ ಬಸ್ಸಿಗೆ ಕಾಯುವುದು ನಮ್ಮ ಊರಿನವರಿಗೆ ಹೊಸದಲ್ಲ. ಆದರೆ ಆ ಕಾಯುವಿಕೆಯನ್ನು ನೋಡಲು ಯೋಗ್ಯವಾದ ವಸ್ತುವೆಂದು ತಿಳಿದು, ಅದಕ್ಕಾಗಿ ಅಷ್ಟು ಚಿತ್ರಗಳನ್ನು ಕೈಯಿಂದ ಬರೆದ ಮನುಷ್ಯನು ಯಾರೆಂದು ತಿಳಿಯಬೇಕೆನಿಸಿತು.

ಅವರ ಹೆಸರು ಹಯಾವೊ ಮಿಯಾಜಾಕಿ. ಜನನ ೧೯೪೧ನೆಯ ಜನವರಿ ೫, ಟೋಕಿಯೋ ನಗರದಲ್ಲಿ. ತಂದೆಯ ಮನೆತನದ ಕಾರ್ಖಾನೆಯಲ್ಲಿ ಯುದ್ಧವಿಮಾನಗಳ ಚುಕ್ಕಾಣಿಯ ಭಾಗಗಳು ತಯಾರಾಗುತ್ತಿದ್ದುವು. ತಾಯಿ ಬೆನ್ನುಮೂಳೆಯ ಕ್ಷಯದಿಂದ ಹಲವು ವರ್ಷ ಹಾಸಿಗೆ ಹಿಡಿದಿದ್ದರು. ವಿಶ್ವವಿದ್ಯಾನಿಲಯದಲ್ಲಿ ಓದಿದುದು ಅರ್ಥಶಾಸ್ತ್ರ ರಾಜ್ಯಶಾಸ್ತ್ರಗಳನ್ನು. ೧೯೬೩ರಲ್ಲಿ ಸೇರಿದುದು ತೋಯೆಯ್ ಎಂಬ ಚಿತ್ರಸಂಸ್ಥೆಯ ಕೆಳದರ್ಜೆಯ ಚಿತ್ರಕಾರರ ಸಾಲಿಗೆ. ಅಲ್ಲಿ ತಮಗಿಂತ ಹಿರಿಯರಾದ ಇಸಾವೊ ತಕಹಾತರ ಸ್ನೇಹ ಲಭಿಸಿತು. ‘ನೌಸಿಕಾ’ ಎಂಬ ಚಿತ್ರ ೧೯೮೪ರಲ್ಲಿ ಜಯ ಪಡೆದ ಬಳಿಕ, ೧೯೮೫ರಲ್ಲಿ ಈ ಇಬ್ಬರೂ ತೊಶಿಯೊ ಸುಜುಕಿಯವರೂ ಕೂಡಿ ‘ಘಿಬ್ಲಿ’ ಎಂಬ ಚಿತ್ರಶಾಲೆಯನ್ನು ಕಟ್ಟಿದರು. ೨೦೦೧ರ ‘ಸ್ಪಿರಿಟೆಡ್ ಅವೇ’ ಬರ್ಲಿನ್ ಉತ್ಸವದ ಸ್ವರ್ಣಭಲ್ಲೂಕವನ್ನೂ, ೨೦೦೩ರಲ್ಲಿ ಆಸ್ಕರ್ ಪುರಸ್ಕಾರವನ್ನೂ ಪಡೆಯಿತು. ನಮ್ಮ ಹೆಗ್ಗೋಡಿನ ಕೆ. ವಿ. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಸಂದ ಮ್ಯಾಗ್ಸೆಸೆ ಪ್ರಶಸ್ತಿಯೇ ಇವರಿಗೆ ೨೦೨೪ರಲ್ಲಿ ಸಂದಿತು.

ಈ ಕಲೆಯ ಶ್ರಮ ಎಂತಹುದೆಂಬುದನ್ನು ಅರಿಯದೆ ಮುಂದಿನ ಪ್ರಶ್ನೆ ತಿಳಿಯದು. ತೆರೆಯ ಮೇಲೆ ಒಂದು ಸೆಕೆಂಡಿಗೆ ೨೪ ಚಿತ್ರಗಳು ಹಾಯುವುವು. ಒಂದೊಂದನ್ನೇ ಎರಡು ಮೂರು ಸಲ ತೋರಿಸಿ ಕೆಲಸವನ್ನು ಉಳಿಸಿದರೂ, ಸೆಕೆಂಡಿಗೆ ಎಂಟೋ ಹನ್ನೆರಡೋ ಚಿತ್ರಗಳನ್ನು ಬರೆಯಲೇಬೇಕು. ೧೯೯೭ರ ‘ಮೊನೊನೊಕೆ’ ಚಿತ್ರಕ್ಕೆ ಬಳಸಿದ ಚಿತ್ರಫಲಕಗಳು ಸುಮಾರು ೧,೪೪,೦೦೦. ಅವುಗಳಲ್ಲಿ ಸುಮಾರು ೮೦,೦೦೦ವನ್ನು ಮಿಯಾಜಾಕಿಯವರು ಸ್ವತಃ ಪರೀಕ್ಷಿಸಿ ತಿದ್ದಿದರೆಂದು ಪ್ರಸಿದ್ಧಿಯಿದೆ. ೨೦೧೩ರ ‘ದಿ ವಿಂಡ್ ರೈಸಸ್’ ಚಿತ್ರದಲ್ಲಿ ಜನಸಂದಣಿಯ ಒಂದು ನೋಟ ನಾಲ್ಕೇ ಸೆಕೆಂಡು ಇರುವುದು. ಅದನ್ನು ಬರೆಯಲು ಒಬ್ಬ ಚಿತ್ರಕಾರರಿಗೆ ಹದಿನೈದು ತಿಂಗಳು ಹಿಡಿಯಿತು.

ಇಷ್ಟು ಶ್ರಮಪಟ್ಟು ತೋರಿಸುವುದಾದರೂ ಏನು? ಅನೇಕ ವೇಳೆ ಏನೂ ನಡೆಯದಿರುವುದನ್ನು! ಬಾಲಕಿಯೊಬ್ಬಳು ನೀರಿನ ಮೇಲೆ ಸಾಗುವ ರೈಲಿನಲ್ಲಿ ಸುಮ್ಮನೆ ಕುಳಿತಿರುವಳು; ಹೊರಗೆ ಸಂಜೆಯಾಗುವುದು. ಇದನ್ನು ಕುರಿತು ೨೦೦೨ರಲ್ಲಿ ರೋಜರ್ ಎಬರ್ಟ್ ಎಂಬ ಅಮೆರಿಕದ ವಿಮರ್ಶಕರು ಪ್ರಶ್ನಿಸಿದಾಗ ಮಿಯಾಜಾಕಿಯವರು ಕೈಚಪ್ಪಾಳೆಯನ್ನು ತಟ್ಟಿ, ಒಂದು ಚಪ್ಪಾಳೆಗೂ ಇನ್ನೊಂದಕ್ಕೂ ನಡುವೆ ಇರುವ ಹೊತ್ತಿಗೆ ಜಪಾನೀ ಭಾಷೆಯಲ್ಲಿ ‘ಮಾ’ ಎಂದು ಹೆಸರೆಂದೂ, ಅದಿಲ್ಲದಿದ್ದರೆ ಎಲ್ಲವೂ ಬರಿಯ ಗಡಿಬಿಡಿಯಾಗುವುದೆಂದೂ ವಿವರಿಸಿದರು. ಛಂದಸ್ಸನ್ನು ಓದಿದವರಿಗೆ ಇದು ಪರಿಚಿತವಾದ ಮಾತು. ನಾವು ಅದನ್ನು ‘ಯತಿ’ ಎನ್ನುವೆವು. ಮಂದಾಕ್ರಾಂತದಲ್ಲಿ ನಾಲ್ಕು ಅಕ್ಷರಗಳಾದ ಮೇಲೆ ಒಮ್ಮೆ, ಮತ್ತೆ ಆರಾದ ಮೇಲೆ ಒಮ್ಮೆ ನಿಲ್ಲಬೇಕು. ನಿಂತಲ್ಲದೆ ಪದ್ಯ ನಡೆಯದು. ಯತಿಯೆಂಬ ಶಬ್ದಕ್ಕೆ ಸಂನ್ಯಾಸಿಯೆಂಬ ಅರ್ಥವೂ ಇರುವುದು ವಾಚಕರಿಗೆ ವಿದಿತವೇ ಇದೆ.

ಇನ್ನು ಪ್ರಕೃತ ವಿಷಯ. ಈ ಮಹಾಶಯರು ೧೯೯೭ರ ಸುಮಾರಿಗೆ, ಇನ್ನು ಮುಂದೆ ಇಂತಹ ದೊಡ್ಡ ಚಿತ್ರಗಳನ್ನು ಮಾಡೆನೆಂದರು, ಮತ್ತೆ ಮಾಡಿದರು. ೨೦೧೩ರ ಸೆಪ್ಟೆಂಬರಿನಲ್ಲಿ, ೭೨ನೆಯ ವಯಸ್ಸಿನಲ್ಲಿ, ಪತ್ರಕರ್ತರನ್ನು ಸೇರಿಸಿ, ಈ ಸಲದ ಮಾತು ನಿಜವೆಂದು ಒತ್ತಿ ಹೇಳಿ ನಿವೃತ್ತರಾದರು. ಕೆಲವೇ ವರ್ಷಗಳಲ್ಲಿ ಮತ್ತೆ ಮೇಜಿನ ಮುಂದೆ ಕುಳಿತರು. ೨೦೨೩ರ ಜುಲೈಯಲ್ಲಿ, ೮೨ನೆಯ ವಯಸ್ಸಿನಲ್ಲಿ, ಅವರ ಹೊಸ ಚಿತ್ರ ಬಂದಿತು. ಅದರ ಜಪಾನೀ ಹೆಸರಿನ ಅರ್ಥ ‘ನೀವು ಹೇಗೆ ಬಾಳುವಿರಿ?’ ಎಂದು. ೨೦೨೪ರ ಮಾರ್ಚಿಯಲ್ಲಿ ಅದಕ್ಕೂ ಆಸ್ಕರ್ ಬಂದಿತು. ಇದು ಶ್ಲಾಘ್ಯವೋ, ಚಾಪಲ್ಯವೋ?

ಪೂರ್ವಪಕ್ಷವು ಬಲವಾಗಿಯೇ ಇರುವುದು. ತಲೆ ನರೆತು ಮಗನ ಮಗನನ್ನು ಕಂಡ ಬಳಿಕ ಕಾಡಿಗೆ ಹೋಗೆಂದು ಮನುವಿನ ವಿಧಿ. ರಘುವಂಶದ ಅರಸರು ಮುಪ್ಪಿನಲ್ಲಿ ಋಷಿಗಳಂತೆ ಬಾಳಿದರೆಂದು ಕಾಳಿದಾಸನು ಹೊಗಳುವನು. ಬಿಡುವುದನ್ನು ಅರಿಯದ ಹಿರಿಯರ ನೆರಳಿನಲ್ಲಿ ಕಿರಿಯರು ಬೆಳೆಯರು. ಘಿಬ್ಲಿಯಲ್ಲಿಯೇ ನೋಡಿರಿ: ಉತ್ತರಾಧಿಕಾರಿಯೆಂದು ಎಣಿಸಲ್ಪಟ್ಟಿದ್ದ ಯೊಶಿಫುಮಿ ಕೊಂಡೊ ಎಂಬ ನಿರ್ದೇಶಕರು ೧೯೯೮ರಲ್ಲಿ, ೪೭ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಆ ಸ್ಥಾನಕ್ಕೆ ಮತ್ತೊಬ್ಬರು ನಿಲ್ಲಲಿಲ್ಲ. ಮಗ ಗೊರೊ ಅವರೂ ಚಿತ್ರನಿರ್ದೇಶಕರೇ; ಆದರೂ ಸಂಸ್ಥೆಯ ಭಾರವನ್ನು ಒಬ್ಬನೇ ಹೊರಲಾರೆನೆಂದರು. ಕಡೆಗೆ ೨೦೨೩ರಲ್ಲಿ ಚಿತ್ರಶಾಲೆಯು ನಿಪ್ಪಾನ್ ಟೆಲಿವಿಷನ್ ಎಂಬ ಸಂಸ್ಥೆಯ ಅಧೀನಕ್ಕೆ ಹೋಗಬೇಕಾಯಿತು. ಆಲದ ಮರದ ಕೆಳಗೆ ಹುಲ್ಲು ಹುಟ್ಟದೆಂಬ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ?

ಈ ಪೂರ್ವಪಕ್ಷವನ್ನು ನಾನು ಬೇರೆಯವರ ಮೇಲಿಟ್ಟು ಹೇಳಲಾರೆ. ನನಗೂ ಅದು ತಗಲುವುದು. ನಿವೃತ್ತನಾದ ಮರುವರ್ಷ, ನನ್ನ ಸ್ಥಾನಕ್ಕೆ ಬಂದಿದ್ದ ತರುಣ ಉಪಾಧ್ಯಾಯರು ಗೌರವದಿಂದ ‘ಒಂದು ದಿನ ತರಗತಿಗೆ ದಯಮಾಡಿಸಬೇಕು’ ಎಂದು ಕರೆದರು. ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆನು. ಅವರು ಪೀತಾಂಬರ ಶಬ್ದವನ್ನು ಎತ್ತಿಕೊಂಡು, ಹಳದಿಯ ವಸ್ತ್ರವೆಂದು ಕರ್ಮಧಾರಯವಾಗಿ ಬಿಡಿಸಿ ಹೇಳಿದರು. ನನಗೆ ತಡೆಯಲಾಗಲಿಲ್ಲ. ‘ಅಲ್ಲ, ಅಲ್ಲ! ಹರಿಯೆಂಬ ಅರ್ಥದಲ್ಲಿ ಬಹುವ್ರೀಹಿ!’ ಎಂದು ಕುಳಿತಲ್ಲಿಂದಲೇ ಕೂಗಿದೆನು. ಹುಡುಗರು ನಕ್ಕರು. ಆ ಉಪಾಧ್ಯಾಯರು ಒಂದು ಕ್ಷಣ ಸುಮ್ಮನಿದ್ದು, ‘ಅದನ್ನೇ ಈಗ ಹೇಳುವವನಿದ್ದೆ, ಗುರುಗಳೆ’ ಎಂದರು. ಕಪ್ಪುಹಲಗೆಯನ್ನು ನೋಡಿದೆನು. ಎರಡನೆಯ ವಿಗ್ರಹವಾಕ್ಯಕ್ಕೆಂದು ಅವರು ಮೊದಲೇ ಜಾಗ ಬಿಟ್ಟಿದ್ದರು. ನಾನು ಹೇಳಿದ ಸಮಾಸ ಸರಿ. ಹೇಳಿದ ಹೊತ್ತು ತಪ್ಪು. ಪಾಠದ ಯತಿಯನ್ನು ಅವರು ಅರಿತಿದ್ದರು, ನಾನು ಅರಿಯಲಿಲ್ಲ. ಮತ್ತೆ ಅವರು ನನ್ನನ್ನು ಕರೆಯಲಿಲ್ಲ. ಕರೆಯದಿದ್ದುದು ನ್ಯಾಯವೇ.

ಆ ದಿನದ ನಾಚಿಕೆಯಿಂದ ನಾನು ಇನ್ನೊಂದು ತಪ್ಪನ್ನು ಮಾಡಿದೆನು. ಸೇವೆಯಲ್ಲಿದ್ದಾಗ ಅಮರಕೋಶದ ವನೌಷಧಿವರ್ಗದ ಒಂದೊಂದು ಹೆಸರಿಗೂ ಕನ್ನಡದ ಹೆಸರನ್ನು ಹುಡುಕಿ, ಲಾಲ್‌ಬಾಗಿಗೆ ಮಕ್ಕಳನ್ನು ಕರೆದೊಯ್ದು ಮರವನ್ನು ತೋರಿಸಿ, ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆನು: ಸಪ್ತಪರ್ಣವೆಂದರೆ ಹಾಲೆಮರ, ಆರಗ್ವಧವೆಂದರೆ ಕಕ್ಕೆ, ಹೀಗೆ. ಅರ್ಧಕ್ಕೂ ಮೇಲೆ ಆಗಿದ್ದ ಆ ಕೆಲಸವನ್ನು ‘ಇನ್ನು ನನಗೇಕೆ? ನಾನು ನಿವೃತ್ತ’ ಎಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆನು. ಇದನ್ನು ವೈರಾಗ್ಯವೆಂದೇ ತಿಳಿದಿದ್ದೆನು. ಪೀಠವಿಲ್ಲದ ಮೇಲೆ ಕೆಲಸವೇಕೆಂಬ ಮುನಿಸು ಅದಾಗಿತ್ತೆಂಬುದು ಈಗ ತೋರುವುದು.

ನಿವೃತ್ತಿ ಶಬ್ದವನ್ನು ಬಿಡಿಸಿ ನೋಡೋಣ. ‘ವೃತ್’ ಧಾತುವಿಗೆ ‘ನಿ’ ಎಂಬ ಉಪಸರ್ಗ ಸೇರಿದಾಗ ತೋರುವ ಅರ್ಥ ಹಿಂತಿರುಗುವುದೆಂದು. ಮೇಯಲು ಹೋದ ದನ ಸಂಜೆ ಕೊಟ್ಟಿಗೆಗೆ ತಿರುಗುವುದೂ ನಿವೃತ್ತಿಯೇ. ತೊಲಗುವುದೆಂಬ ಅರ್ಥ ಉಂಟಾದರೂ, ತಿರುಗಿ ಬರುವುದೆಂಬುದನ್ನು ಬಿಟ್ಟು ಅದು ನಿಲ್ಲದು. ಹಾಗಾದರೆ ಪ್ರಶ್ನೆ, ತಿರುಗುವುದು ಎಲ್ಲಿಗೆ? ಪೀಠಕ್ಕೋ, ಕಾರ್ಯಕ್ಕೋ? ಗೀತೆಯ ಹದಿನೆಂಟನೆಯ ಅಧ್ಯಾಯವು ಸಂನ್ಯಾಸ ತ್ಯಾಗಗಳನ್ನು ಬೇರ್ಪಡಿಸುವುದು ಇದಕ್ಕಾಗಿಯೇ. ಕರ್ಮವನ್ನು ಬಿಡುವುದು ಬೇರೆ. ಕರ್ಮದ ಮೇಲಿನ ಒಡೆತನವನ್ನು ಬಿಡುವುದು ಬೇರೆ. ಪೀಠಕ್ಕೆ ಹಿಂತಿರುಗಬೇಕಾದರೆ ಮತ್ತೊಬ್ಬನು ಎದ್ದು ಜಾಗ ಬಿಡಬೇಕು. ಕಾರ್ಯಕ್ಕೆ ಹಿಂತಿರುಗಲು ಯಾರೂ ಏಳಬೇಕಾಗಿಲ್ಲ.

ನಮ್ಮ ಬಡಾವಣೆಯಲ್ಲಿಯೇ ಇದಕ್ಕೆ ದೃಷ್ಟಾಂತವುಂಟು. ಜಯನಗರದಲ್ಲಿ ಬಾಳಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ೧೯೭೩ರಲ್ಲಿ ವಿಜಯಾ ಕಾಲೇಜಿನಿಂದ ನಿವೃತ್ತರಾದರು. ಆ ಪೀಠವನ್ನು ಅವರು ಮತ್ತೆ ಬಯಸಲಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಭಾರವನ್ನು ಹೊತ್ತರು. ೧೯೯೧ರಿಂದ ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಕೇಳಿದವರ ಶಬ್ದಸಂದೇಹಗಳಿಗೆ ಉತ್ತರ ಬರೆದರು. ೨೦೧೧ರಲ್ಲಿ, ೯೭ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ೨೦೨೧ರ ಏಪ್ರಿಲ್ ೧೯ರಂದು ತೀರಿಕೊಂಡಾಗ ಅವರಿಗೆ ೧೦೭ ವರ್ಷ. ಪಕ್ಕದ ಗವಿಪುರದಲ್ಲಿದ್ದ ಮಾಸ್ತಿಯವರೂ ಸರ್ಕಾರದ ಅಧಿಕಾರವನ್ನು ಬಿಟ್ಟ ಬಳಿಕವೇ ‘ಚಿಕವೀರರಾಜೇಂದ್ರ’ವನ್ನು ಬರೆದರು. ಯತಿಯ ನಿಯಮವನ್ನು ದಾಟುವುದು ಕನ್ನಡದ ಒಂದು ವೈಶಿಷ್ಟ್ಯವೆಂದು ಕೇಶಿರಾಜನು ಗಣಿಸಿರುವನು. ಇವರನ್ನು ಕಂಡರೆ ಆ ಮಾತು ಛಂದಸ್ಸಿಗೆ ಮಾತ್ರ ಸಂಬಂಧಿಸಿದುದಲ್ಲವೆನ್ನಿಸುವುದು.

ಆದರೆ ಶಂಕೆಯೊಂದು ಉಳಿಯುವುದು. ಲೇಖನಿಯಿಂದ ಬರೆಯುವವನಿಗೆ ಕಾಗದವೊಂದಿದ್ದರೆ ಸಾಕು. ಚಲಚ್ಚಿತ್ರ ಮಾಡುವವನಿಗೆ ಅನೇಕರ ಕೈ ಬೇಕು, ಆಜ್ಞೆ ಬೇಕು, ಪೀಠ ಬೇಕು. ಮಿಯಾಜಾಕಿಯವರು ಹಿಂತಿರುಗಿದುದು ಯಾವುದಕ್ಕೆ? ಇದಕ್ಕೆ ಉತ್ತರವಾಗಿ ಎರಡು ಸಂಗತಿಗಳನ್ನು ಹೇಳುವೆನು. ಮೊದಲನೆಯದು, ಹಿಂದೆ ಎಂಬತ್ತು ಸಾವಿರ ಚಿತ್ರಗಳನ್ನು ತಿದ್ದಿದ ಆ ಕೈ ಈ ಸಲ ತಿದ್ದುವ ಕೆಲಸವನ್ನು ಬಹುಮಟ್ಟಿಗೆ ತಕೇಶಿ ಹೋಂಡಾ ಎಂಬ ಕಿರಿಯ ಚಿತ್ರಕಾರರಿಗೆ ಒಪ್ಪಿಸಿ, ಕಥೆಯ ನಕ್ಷೆಯನ್ನು ಬರೆಯುವುದರಲ್ಲಿ ನಿಂತಿತು. ಹಿಂದಿನ ಬೆಂಚಿನಿಂದ ಕೂಗಿದ ನನಗೆ ಅದರ ಕಷ್ಟ ಗೊತ್ತು.

ಎರಡನೆಯದು ಆ ಚಿತ್ರದ ಕಥೆಯೇ. ಯುದ್ಧಕಾಲದ ಬೆಂಕಿಯಲ್ಲಿ ತಾಯಿಯನ್ನು ಕಳೆದುಕೊಂಡ ಮಹಿತೊ ಎಂಬ ಬಾಲಕನು ಹಳೆಯ ಗೋಪುರವೊಂದರ ಒಳಗಿನ ಲೋಕವನ್ನು ಹೊಗುವನು. ಆ ಲೋಕವನ್ನು ಕಟ್ಟಿ ನಡೆಸುತ್ತಿರುವವನು ಅವನ ವಂಶದ ಹಿರಿಯ, ಒಬ್ಬ ಮುದುಕ. ಕಲ್ಲಿನ ಮೇಲೆ ಕಲ್ಲಿಟ್ಟು ಲೋಕದ ಸಮತೂಕವನ್ನು ಕಾಯುವುದೇ ಅವನ ಕಾರ್ಯ. ಹದಿಮೂರು ಶುದ್ಧವಾದ ಕಲ್ಲುಗಳನ್ನು ತೋರಿಸಿ, ‘ಇನ್ನು ಮುಂದೆ ನೀನು ಕಟ್ಟು’ ಎಂದು ಬಾಲಕನನ್ನು ಬೇಡುವನು. ಬಾಲಕನು ತನ್ನ ತಲೆಯ ಗಾಯವನ್ನು ತೋರಿಸಿ, ಇದು ನಾನೇ ಮಾಡಿಕೊಂಡುದು, ನನ್ನಲ್ಲಿ ಕಲ್ಮಷವುಂಟು, ಆ ಕಲ್ಲುಗಳನ್ನು ನಾನು ಮುಟ್ಟಲಾರೆ, ನನ್ನ ಮನೆಗೆ ಹಿಂತಿರುಗುವೆನು ಎನ್ನುವನು. ಆ ಲೋಕವು ಕುಸಿಯುವುದು. ಬಾಲಕನು ಬೆಳಕಿಗೆ ಬರುವನು. ತನ್ನ ಲೋಕವನ್ನು ಉಳಿಸಬಲ್ಲ ವಾರಸುದಾರನು ದೊರೆಯನೆಂಬುದನ್ನೂ, ಹುಡುಗನನ್ನು ಅವನ ಬಾಳಿಗೆ ಬಿಡಬೇಕೆಂಬುದನ್ನೂ ಎಂಬತ್ತು ದಾಟಿದ ಕಲಾವಿದನು ತನ್ನ ಕೈಯಿಂದಲೇ ಬರೆದು ತೋರಿಸಿರುವನು. ಪೀಠದ ಮೋಹದಿಂದಲೇ ಬಂದವನಾಗಿದ್ದರೆ ತನ್ನ ಗೋಪುರವು ಕೆಡಹಲ್ಪಡುವುದನ್ನು ಹೀಗೆ ಚಿತ್ರಿಸುತ್ತಿದ್ದನೆ?

ಇಷ್ಟರಿಂದ ಅವರು ಎಲ್ಲ ದೋಷದಿಂದ ಮುಕ್ತರೆಂದು ನಾನು ಸಾಧಿಸಲಾರೆ. ಒಬ್ಬ ಮನುಷ್ಯನಲ್ಲಿಯೇ ಪೀಠದಾಸೆಯೂ ಕಾರ್ಯಪ್ರೀತಿಯೂ ಹಾಲು ನೀರಿನಂತೆ ಬೆರೆತಿರುವುವು. ಬೇರ್ಪಡಿಸಲು ಹಂಸವೇ ಬೇಕು. ಆದರೆ ಬೆರೆತಿದೆಯೆಂದು ಹಾಲನ್ನೇ ಚೆಲ್ಲುವುದು ಧರ್ಮವಲ್ಲ. ನಾನು ಮಾಡಿದುದು ಅದನ್ನೇ.

ಕಳೆದ ತಿಂಗಳು ಪೆಟ್ಟಿಗೆಯ ಬೀಗವನ್ನು ತೆಗೆದೆನು. ಪುಸ್ತಕದ ಅಂಚನ್ನು ಹುಳು ತಿಂದಿದ್ದರೂ ಅಕ್ಷರಗಳು ಉಳಿದಿದ್ದುವು. ಭಾನುವಾರ ಮೊಮ್ಮಗಳೊಡನೆ ಲಾಲ್‌ಬಾಗಿಗೆ ಹೋಗಿದ್ದೆನು. ಒಂದು ಮರದ ಮುಂದೆ ನಿಂತು ಅವಳು, ‘ತಾತ, ಇದರ ಹೆಸರೇನು? ತಾಳಿ, ನಾನೇ ಹೇಳುತ್ತೇನೆ’ ಎಂದಳು. ನನಗೆ ಗೊತ್ತಿತ್ತು. ಆದರೂ ಸುಮ್ಮನೆ ನಿಂತು ಕಾದೆನು.